ಕಳ್ಳದಾರಿ ಮುಚ್ಚುವವರು

ನನ್ನ ಗಂಡನ ಕಟಿಂಗ್ ಶಾಪಿಗೆ ಬರುವವರಲ್ಲಿ ಅರ್ಧ ಜನ ಕೂದಲು ಕತ್ತರಿಸಿಕೊಳ್ಳಲು ಬರುವುದಿಲ್ಲ, ಇರುವ ನಾಲ್ಕು ಕೂದಲನ್ನು ಹೇಗೋ ಹರಡಿಸಿಕೊಂಡು ಹೋಗಲು ಬರುತ್ತಾರೆ. ನೆತ್ತಿ ಬಯಲಾದ ಬ್ಯಾಂಕ್ ಮ್ಯಾನೇಜರು, ಹೆಣ್ಣು ನೋಡಲು ಹೊರಟ ಗಂಡುಗಳು, ಕನ್ನಡಿ ಕಂಡರೆ ನಿಟ್ಟುಸಿರು ಬಿಡುವ ಮೇಷ್ಟ್ರುಗಳು, ಎಲ್ಲರಿಗೂ ಇವರ ಕೈಯೇ ಆಗಬೇಕು. ಎಡಕಿವಿಯ ಮೇಲಿನ ಕೂದಲನ್ನು ಎತ್ತಿ ನೆತ್ತಿಯ ಮೇಲೆ ಹಾಯಿಸುತ್ತಾರೆ. ಕೊನೆಗೆ ಕಿರುಬೆರಳಿನಿಂದ ಎರಡು ಎಳೆಯನ್ನು ಹಣೆಗೆ ಜಾರಿಸಿಬಿಡುತ್ತಾರೆ, ಬಾಚಿ ಮುಚ್ಚಿದ್ದು ಅಂತ ಯಾರಿಗೂ ಅನ್ನಿಸಬಾರದು ನೋಡಿ. ಇಷ್ಟೆಲ್ಲ ಕೈಚಳಕ ಅಂಗಡಿಯಲ್ಲಿ ಮಾತ್ರ. ಮನೆಯಲ್ಲಿ ಒಂದು ಮೊಳೆ ಹೊಡೆಯಿರಿ ಅಂದರೆ ಬಾಯಿ ನೋಯುವ ತನಕ ಹೇಳಬೇಕು.

ಆ ಕೈ ಬೆಟ್ಟಕ್ಕೆ ಹೋದದ್ದು ಟೀಚರಮ್ಮನಿಂದ. ನಮ್ಮ ಬೀದಿಯಲ್ಲೇ ಇರುವ, ರಿಟೈರಾದ ವಿಜ್ಞಾನದ ಟೀಚರು. ಊರ ಹಿಂದಿನ ಬೆಟ್ಟವನ್ನು ಕಾಯಲು ಒಂದು ಗುಂಪು ಕಟ್ಟಿಕೊಂಡಿದ್ದಾರೆ. ಸಂಬಳ ಇಲ್ಲ, ಶಾಲು ಹಾರವೂ ಇಲ್ಲ. ಬೆಟ್ಟ ಹತ್ತಲು ಇಲಾಖೆಯವರು ಮಾಡಿಟ್ಟ ದಾರಿ ಒಂದೇ, ಅದು ಸುತ್ತಿ ಬಳಸಿ ಹೋಗುತ್ತದೆ. ಬರುವ ಜನಕ್ಕೆ ತಾಳ್ಮೆ ಎಲ್ಲಿದೆ? ಪೊದೆ ತುಳಿದು ಅಡ್ಡ ಹಾಯ್ದು ಕಳ್ಳದಾರಿ ಮಾಡಿಕೊಳ್ಳುತ್ತಾರೆ. ಒಬ್ಬ ಹೋದದ್ದನ್ನು ನೋಡಿ ಇನ್ನೊಬ್ಬ, ಅವನ ಹಿಂದೆ ಬೈಕಿನವರು. ಆ ಕಳ್ಳದಾರಿಗಳೆಲ್ಲ ಹೋಗಿ ಬೀಳುವುದು ಒಂದು ಕಲ್ಲಿನ ಇಳಿಜಾರಿಗೆ. ಅಲ್ಲಿ ಒಂದು ಜಾತಿಯ ಬೂದು ಹಕ್ಕಿ ಬರೀ ನೆಲದ ಮೇಲೆ ಮೊಟ್ಟೆ ಇಡುತ್ತದೆ. ಗೂಡು ಅನ್ನಲು ಎರಡು ಕಡ್ಡಿಯೂ ಇರುವುದಿಲ್ಲ, ಮೊಟ್ಟೆಯ ಬಣ್ಣವೂ ಕಲ್ಲಿನದೇ. ಆ ಹಕ್ಕಿ ಈ ಸೀಮೆಯಲ್ಲಿ ಉಳಿದಿರುವುದು ಆ ಇಳಿಜಾರಿನಲ್ಲಿ ಮಾತ್ರ ಅಂತ ಟೀಚರಮ್ಮ ಹೇಳುತ್ತಾರೆ.

ಬೋರ್ಡು ಹಾಕಿದರು, ಜನ ಅದನ್ನು ಕಿತ್ತರು. ತಂತಿ ಬೇಲಿ ಹಾಕಿದರು, ಅದನ್ನೂ ಕತ್ತರಿಸಿದರು. ಟೀಚರಮ್ಮ ಒಂದು ದಿನ ನಮ್ಮ ಅಂಗಡಿಯ ಬೆಂಚಿನ ಮೇಲೆ ಕೂತು ಇದನ್ನೆಲ್ಲ ಹೇಳಿಕೊಂಡು ಅತ್ತರಂತೆ. ಆಗ ನಮ್ಮವರು, ದಾರಿ ಇದೆ ಅಂತ ಕಂಡರೆ ತಾನೇ ಹೋಗುವುದು, ಕಾಣದ ಹಾಗೆ ಮಾಡಿಬಿಡೋಣ ಅಂದರಂತೆ. ಅಲ್ಲಿಂದ ಶುರು. ಅಂಗಡಿಗೆ ವಾರದ ರಜೆ ಬಂತೆಂದರೆ ಬೆಟ್ಟ. ಕಳ್ಳದಾರಿಯ ಬಾಯಿಗೆ ಒಣ ಕೊಂಬೆ ನೆಡುವುದು, ಮುಳ್ಳುಗಿಡ ಕೂರಿಸುವುದು, ತರಗೆಲೆ ಹರಡುವುದು. ಎಲ್ಲ ಮುಗಿದ ಮೇಲೆ ಗುಂಪು ಮುಂದೆ ಇಳಿದು ಹೋಗುತ್ತದೆ. ಇವರೊಬ್ಬರು ಸೊಪ್ಪಿನ ಕೊಂಬೆ ಹಿಡಿದು ಹಿಂದುಹಿಂದಕ್ಕೆ ಹೆಜ್ಜೆ ಇಡುತ್ತ, ಎಲ್ಲರ ಹೆಜ್ಜೆಗುರುತನ್ನೂ ತಮ್ಮದನ್ನೂ ಗುಡಿಸಿ ಅಳಿಸುತ್ತ ಇಳಿಯುತ್ತಾರೆ. ಗುಂಪಿನವರು ಇವರಿಗೆ ‘ಬಾಚಣಿಗೆ’ ಅಂತ ಹೆಸರಿಟ್ಟಿದ್ದರು. ಇವರಿಗೂ ಆ ಹೆಸರೆಂದರೆ ಒಳಗೊಳಗೇ ಖುಷಿ.

ನಾನು ಶಾಲೆಯ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವವಳು. ತಲೆ ಎಣಿಸದೆ ಬಸ್ಸು ಹೊರಡಲು ಬಿಡುವವಳಲ್ಲ, ನನ್ನ ಗಂಟಲು ಎರಡು ಬೀದಿ ಆಚೆಗೂ ಕೇಳುತ್ತದೆ. ವಾರಕ್ಕೊಂದು ದಿನ ಗಂಡ ಮನೆಯಲ್ಲಿರಲಿ ಅನ್ನುವುದು ದೊಡ್ಡ ಆಸೆಯೇನಲ್ಲ. ಅದಕ್ಕೂ ಕಲ್ಲು ಬಿತ್ತಲ್ಲ ಅಂತ ಬೆಟ್ಟವನ್ನು ನನ್ನ ಸವತಿ ಅಂತಲೇ ಕರೆಯುತ್ತಿದ್ದೆ. ಇವರು ನಗುತ್ತಿದ್ದರು, ಮುಂದಿನ ವಾರ ಮತ್ತೆ ಹೋಗುತ್ತಿದ್ದರು.

ಆ ದಿನ ನಾನು ಮಧ್ಯಾಹ್ನದ ಟ್ರಿಪ್ಪು ಮುಗಿಸಿ ಚಪ್ಪಲಿ ಬಿಡುತ್ತಿದ್ದೆ, ಟೀಚರಮ್ಮನ ಫೋನು ಬಂತು. ನಿಮ್ಮವರು ಮನೆಗೆ ಬಂದರಾ ಅಂತ ಕೇಳಿದರು. ಆ ಧ್ವನಿ ಕೇಳಿ, ಬಿಟ್ಟ ಚಪ್ಪಲಿಯನ್ನೇ ಮತ್ತೆ ಮೆಟ್ಟಿಕೊಂಡೆ. ವಿಷಯ ಇಷ್ಟು. ಬೆಳಗಿನ ಕೆಲಸ ಮುಗಿಸಿ ಎಲ್ಲರೂ ಇಳಿಯುವಾಗ ಇವರು, ಇಲ್ಲೇ ಪಕ್ಕಕ್ಕೆ ಹೊಸದಾಗಿ ಒಂದು ಸಣ್ಣ ಕಳ್ಳದಾರಿ ಕಂಡಿದೆ, ಅದನ್ನೊಂದು ಮುಚ್ಚಿ ಬಂದುಬಿಡುತ್ತೇನೆ, ನೀವು ನಡೆಯಿರಿ ಅಂದರಂತೆ. ಒಬ್ಬರನ್ನೇ ಬಿಡಬಾರದು ಅನ್ನುವುದು ಗುಂಪಿನ ನಿಯಮ. ಆದರೆ ಬಾಚಣಿಗೆ ತಾನೇ, ಬೆಟ್ಟ ಅವನಿಗೆ ಅಂಗಳ ಇದ್ದ ಹಾಗೆ ಅಂತ ಬಿಟ್ಟು ಬಂದಿದ್ದಾರೆ. ಕೆಳಗೆ ಬಂದು ಕಾದಿದ್ದಾರೆ. ಇವರು ಬಂದಿಲ್ಲ, ಫೋನು ಸಿಗುತ್ತಿಲ್ಲ. ಮೇಲಿನಿಂದ ಮಂಜು ಇಳಿಯುತ್ತಿದೆ.

ನಾನು ಬೆಟ್ಟದ ಬುಡ ಮುಟ್ಟುವಷ್ಟರಲ್ಲಿ ಫಾರೆಸ್ಟ್ ಗಾರ್ಡ್ ಬಂದಿದ್ದ. ಟೀಚರಮ್ಮನ ಗುಂಪಿನ ವೆಲ್ಡಿಂಗ್ ಅಂಗಡಿಯವನೂ ಅವನ ಮೂವರು ಸ್ನೇಹಿತರೂ ಹಗ್ಗ, ಟಾರ್ಪಾಲು, ಮಚ್ಚು ಹಿಡಿದು ನಿಂತಿದ್ದರು. ರಕ್ಷಣಾ ತಂಡ ದೂರದ ಊರಿನಿಂದ ಬರಬೇಕು, ಕತ್ತಲಿಗೆ ಮೊದಲು ಬರುವ ಭರವಸೆ ಇಲ್ಲ ಅಂದ ಗಾರ್ಡ್. ಟೀಚರಮ್ಮನ ಮುಖ ಬಿಳಿಚಿಕೊಂಡಿತ್ತು. ಒಂದು ಬಸ್ಸಿನ ಮಕ್ಕಳನ್ನು ಎಣಿಸಿ ಇಳಿಸುತ್ತೇನೆ ನಾನು, ಆರು ಜನರನ್ನು ಎಣಿಸಲು ನಿಮಗೆ ಆಗಲಿಲ್ಲವಾ ಅಂತ ಕೇಳಿಯೇಬಿಟ್ಟೆ. ಅವರು ತಲೆ ತಗ್ಗಿಸಿದರು. ಅಂದದ್ದಕ್ಕೆ ಈಗಲೂ ನನಗೆ ಬೇಸರವಿಲ್ಲ.

ಹತ್ತಿದೆವು. ಇವರನ್ನು ಬಿಟ್ಟು ಬಂದ ಜಾಗ ಸಿಕ್ಕಿತು. ಅಲ್ಲಿಂದ ಮುಂದೆ ಎತ್ತ ಹೋಗಬೇಕು ಅನ್ನುವುದೇ ಯಾರಿಗೂ ತಿಳಿಯಲಿಲ್ಲ. ಮುರಿದ ಕಡ್ಡಿ ಇಲ್ಲ, ಒಂದು ಹೆಜ್ಜೆ ಇಲ್ಲ. ಬೇರೆ ಯಾರಾದರೂ ಕಳೆದುಹೋಗಿದ್ದರೆ ನೆಲ ನೋಡಿಕೊಂಡು ಹೋಗಬಹುದಿತ್ತು. ಇವರು ತಾವು ನಡೆದದ್ದನ್ನು ತಾವೇ ಗುಡಿಸಿ ಹಾಕಿದ್ದರು. ಕೂಗಿದೆವು. ಮಂಜಿನೊಳಗೆ ನಮ್ಮ ಕೂಗು ನಮಗೇ ಸರಿಯಾಗಿ ಕೇಳುತ್ತಿರಲಿಲ್ಲ. ಗಾರ್ಡ್ ಇಬ್ಬರನ್ನು ಎಡಕ್ಕೆ, ಇಬ್ಬರನ್ನು ಬಲಕ್ಕೆ ಕಳಿಸಿದ. ಅವರು ಹೋದ ಹಾಗೆಯೇ ವಾಪಸು ಬಂದರು. ಬೆಳಕು ಕಂದುತ್ತಿತ್ತು. ಈ ಮನುಷ್ಯ ಸಿಕ್ಕರೆ ಸಾಕು, ಬೈಯುವುದಕ್ಕಾದರೂ ಸಿಗಲಿ ಅಂತ ಒಳಗೇ ಬೇಡಿಕೊಳ್ಳುತ್ತಿದ್ದೆ.

ಕಾಲು ಸೋತು ಒಂದು ಬಂಡೆಗೆ ಒರಗಿ ಕೂತೆ. ಎದುರಿಗೆ ತರಗೆಲೆ ಹಾಸಿದ ನೆಲ. ಸುಮ್ಮನೆ ನೋಡುತ್ತಿದ್ದವಳಿಗೆ ಏನೋ ಒಂದು ಕಿರಿಕಿರಿಯಾಯಿತು. ತಾವಾಗಿಯೇ ಬಿದ್ದ ಎಲೆ ಹೇಗೆಂದರೆ ಹಾಗೆ ಬಿದ್ದಿರುತ್ತವೆ. ಇವು ಎಡದಿಂದ ಬಲಕ್ಕೆ ಮಲಗಿದ್ದವು. ಅವುಗಳ ಮೇಲೆ ಎರಡು ಕಡ್ಡಿ, ಕೈತಪ್ಪಿ ಬಿದ್ದವೇನೋ ಅನ್ನುವ ಹಾಗೆ, ಮುಂದಕ್ಕೆ ಜಾರಿದ್ದವು. ಬ್ಯಾಂಕ್ ಮ್ಯಾನೇಜರ ಹಣೆಯ ಮೇಲೆ ನಾನು ಎಷ್ಟು ಸಲ ಕಂಡಿಲ್ಲ ಆ ಎರಡು ಎಳೆಯನ್ನು. ಬುತ್ತಿ ಕೊಡಲು ಅಂಗಡಿಗೆ ಹೋದಾಗಲೆಲ್ಲ ನೋಡಿದ ಕೈ ಅದು.

ಇಲ್ಲೇ ಹೋಗಿದ್ದಾರೆ ಅಂದೆ. ಗಾರ್ಡಿಗೆ ಏನೂ ಕಾಣಲಿಲ್ಲ, ಟೀಚರಮ್ಮನಿಗೂ ಕಾಣಲಿಲ್ಲ. ಆದರೂ ನನ್ನ ಹಿಂದೆ ಬಂದರು, ಬೇರೆ ದಾರಿ ತಾನೇ ಏನಿತ್ತು. ಎಲೆ ಮಲಗಿದ ದಿಕ್ಕು ನೋಡುತ್ತ, ಎರಡೆರಡು ಕಡ್ಡಿ ಹುಡುಕುತ್ತ, ಬಗ್ಗಿಕೊಂಡೇ ಇಳಿದೆ. ನಡುವೆ ಒಂದು ಕಡೆ ತಪ್ಪಿತು, ವಾಪಸು ಹತ್ತಿ ಮತ್ತೆ ಹಿಡಿದೆ. ಸ್ವಲ್ಪ ಕೆಳಗೆ ಬಾಚಿದ್ದು ಇದ್ದಕ್ಕಿದ್ದ ಹಾಗೆ ನಿಂತುಹೋಗಿತ್ತು. ಅಲ್ಲಿಂದ ಮುಂದೆ ತುಳಿದ ಕಳ್ಳದಾರಿ ಬೆತ್ತಲೆಯಾಗಿ ಕಾಣುತ್ತಿತ್ತು. ಪಕ್ಕದಲ್ಲಿ ಸೊಪ್ಪಿನ ಕೊಂಬೆ ಬಿದ್ದಿತ್ತು. ಅಂಚಿನ ಮಣ್ಣು ಕುಸಿದಿತ್ತು.

ಹಿಂದುಹಿಂದಕ್ಕೆ ನಡೆಯುತ್ತಿದ್ದ ಮನುಷ್ಯ, ಬೆನ್ನ ಹಿಂದಿನ ಕೊರಕಲು ಕಾಣದೆ ಬಿದ್ದಿದ್ದರು.

ಕೆಳಗೆ ಎರಡು ಬಂಡೆಗಳ ನಡುವೆ ಇದ್ದರು. ಗಾರ್ಡ್ ಹಗ್ಗ ಕಟ್ಟಿ ಇಳಿದ, ನಾನು ಯಾರ ಮಾತೂ ಕೇಳದೆ ಕೂತು ಜಾರಿಕೊಂಡೇ ಇಳಿದೆ. ತೊಡೆಯ ಮೂಳೆ ಮುರಿದು ಚರ್ಮ ಸೀಳಿ ಹೊರಗೆ ಬಂದಿತ್ತು. ಅಂಗಡಿಯ ಟವಲನ್ನು ಇವರೇ ಬಿಗಿದುಕೊಂಡಿದ್ದರು, ಅದು ಪೂರ್ತಿ ತೊಯ್ದು ಕಪ್ಪಾಗಿತ್ತು. ತುಟಿ ಬೆಳ್ಳಗಾಗಿತ್ತು. ಕೊರಳಲ್ಲಿ ಸೀಟಿ ನೇತಾಡುತ್ತಿತ್ತು. ಊದಬಾರದಿತ್ತಾ ಅಂತ ಕೇಳಿದೆ, ಅಳುತ್ತಲೇ ಕೇಳಿದೆ.

“ಪಕ್ಕದಲ್ಲೇ ಇಳಿಜಾರು ಕಣೇ. ಊದಿದ್ರೆ ತಾಯಿಹಕ್ಕಿಗಳು ಎದ್ದುಬಿಡ್ತವೆ. ಈ ಚಳೀಲಿ ಮೊಟ್ಟೆ ತಣ್ಣಗಾಗ್ತವೆ.”

ಮೊದಲು ಊದಲು ಮನಸ್ಸು ಬರಲಿಲ್ಲ, ಆಮೇಲೆ ಊದಲು ಉಸಿರು ಸಾಲಲಿಲ್ಲ. ಅಷ್ಟು ರಕ್ತ ಹೋಗಿತ್ತು. ಸತ್ತೇ ಹೋಗುತ್ತಿರುವ ಮನುಷ್ಯನನ್ನು ಬೈದವಳು ನಾನೊಬ್ಬಳೇ ಇರಬೇಕು. ಏನೇನು ಅಂದೆನೋ ನೆನಪಿಲ್ಲ.

ಟಾರ್ಪಾಲಿಗೆ ಎರಡು ಗಳ ಕಟ್ಟಿ ಡೋಲಿ ಮಾಡಿ, ಇವರನ್ನು ಮಲಗಿಸಿ ಮೇಲೆ ಎಳೆದುಕೊಂಡರು. ಆಮೇಲೆ ಎಲ್ಲರೂ ಸುಮ್ಮನೆ ನಿಂತುಬಿಟ್ಟರು. ಯಾಕೆ ನಿಂತರು ಅಂತ ನನಗೆ ಅರ್ಥವಾಗಲಿಲ್ಲ. ಗಾರ್ಡ್ ಹೇಳಿದ. ಬಂದ ದಾರಿಯಲ್ಲೇ ಸುತ್ತಿ ಹೋದರೆ ಕತ್ತಲಾದ ಮೇಲೆ ಮುಟ್ಟುತ್ತೇವೆ, ಈ ರಕ್ತ ನೋಡಿದರೆ ಅಷ್ಟು ಹೊತ್ತು ತಡೆಯುವುದಿಲ್ಲ. ನೇರ ಕೆಳಗೆ ಇಳಿದರೆ ಜೀಪ್ ರಸ್ತೆ ಹತ್ತಿರ, ಆಂಬುಲೆನ್ಸನ್ನು ಆಗಲೇ ಅಲ್ಲಿಗೆ ಕರೆಸಿದ್ದೇನೆ. ಆದರೆ ನೇರ ಕೆಳಗೆ ಅಂದರೆ ಆ ಇಳಿಜಾರು. ಅದು ಮೊಟ್ಟೆಯ ಕಾಲ. ಮೊದಲು ಇವರೇ ವರ್ಷಗಟ್ಟಲೆ ನೆಟ್ಟು ಬೆಳೆಸಿದ ಮುಳ್ಳು ಕಡಿಯಬೇಕು, ಆಮೇಲೆ ಮಂಜಿನಲ್ಲಿ ಕಲ್ಲು ಯಾವುದು ಮೊಟ್ಟೆ ಯಾವುದು ತಿಳಿಯದೆ ಅಷ್ಟೂ ಜನ ತುಳಿದು ಹೋಗಬೇಕು.

ಟೀಚರಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದರು. ಇವರಿಗೆ ಎಲ್ಲ ಕೇಳಿಸುತ್ತಿತ್ತು. ನನ್ನ ಸೀರೆಯ ನೆರಿಗೆ ಹಿಡಿದು ಎಳೆದರು.

“ಸುತ್ತಿ ಹೋಗಿ. ನಾನು ತಡ್ಕೋತೀನಿ. ಇದ್ರ ಮೇಲೆ ಬೇಡ ಕಣೇ, ನಿನ್ನ ದಮ್ಮಯ್ಯ.”

ಮದುವೆಯಾದ ಮೇಲೆ ಇವರು ನನ್ನನ್ನು ದಮ್ಮಯ್ಯ ಅಂತ ಬೇಡಿಕೊಂಡದ್ದು ಅದೇ ಮೊದಲು. ಬೆರಳು ಬಿಡಿಸಿದೆ. ವೆಲ್ಡಿಂಗ್ ಅಂಗಡಿಯವನ ಕೈಯಿಂದ ಮಚ್ಚು ಕಿತ್ತುಕೊಂಡೆ. ಅವನು ಅತ್ತಿಗೇ, ನಾನು ಕಡಿಯುತ್ತೇನೆ ಅಂದ. ನೀನು ಹೊರು, ಕಡಿಯುವುದು ನಾನು ಅಂದೆ. ಬೇರೆಯವರ ಕೈಗೆ ಆ ಪಾಪ ಬೇಡ ಅನ್ನಿಸಿತ್ತು.

ಮುಳ್ಳು ಗಟ್ಟಿಯಾಗಿ ಬೇರು ಬಿಟ್ಟಿತ್ತು, ನೆಟ್ಟವರು ಚೆನ್ನಾಗಿಯೇ ನೆಟ್ಟಿದ್ದರು. ಮೊಣಕೈ ತನಕ ಗೀರಿಹೋಯಿತು. ಅದನ್ನು ದಾಟಿ ಇಳಿಜಾರಿಗೆ ಕಾಲಿಟ್ಟ ತಕ್ಷಣ ಬೂದು ಹಕ್ಕಿಗಳು ಒಂದೊಂದಾಗಿ ನೆಲದಿಂದ ಎದ್ದವು. ಮಂಜಿನೊಳಗೆ ನಮ್ಮ ತಲೆಯ ಮೇಲೇ ಸುತ್ತುತ್ತ ಕಿರುಚಿದವು. ನಾನು ಮುಂದೆ, ಡೋಲಿ ಹಿಂದೆ. ನಾನು ಇಟ್ಟ ಹೆಜ್ಜೆಯಲ್ಲೇ ಹೆಜ್ಜೆ ಇಡಿ ಅಂತ ಹೊತ್ತವರಿಗೆ ಹೇಳುತ್ತಿದ್ದೆ. ಬಗ್ಗಿ ನೋಡಿ ನೋಡಿ ಇಡುತ್ತಿದ್ದೆ. ನೋಡಿದರೂ ಒಂದು ಸಲ ಕಾಲ ಕೆಳಗೆ ಸಣ್ಣಗೆ ಚಟ್ ಅಂದಿತು. ಇನ್ನೊಂದು ಸಲವೂ ಅಂದಿತು. ನಿಲ್ಲಲಿಲ್ಲ. ತಿರುಗಿ ನೋಡಿದಾಗ ಇವರು ಕಣ್ಣು ಮುಚ್ಚಿಕೊಂಡು ಮುಖವನ್ನು ಆ ಕಡೆ ಹೊರಳಿಸಿದ್ದರು. ಉಸಿರಿದೆಯಾ ಅಂತ ನೋಡಲು ಮೂಗಿನ ಹತ್ತಿರ ಕೈ ಹಿಡಿಯಬೇಕಾಯಿತು.

ಬದುಕಿದರು. ಇನ್ನು ಸ್ವಲ್ಪ ತಡವಾಗಿದ್ದರೆ ನಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ ಅಂದರು ಡಾಕ್ಟರು. ತೊಡೆಗೆ ರಾಡು ಹಾಕಿ ಮನೆಗೆ ಕಳಿಸಿದರು. ಇನ್ನು ನೆಟ್ಟಗೆ ನಡೆಯುವ ಹಾಗಿಲ್ಲ, ಬೆಟ್ಟವಂತೂ ಮುಗಿಯಿತು.

ಮನೆಗೆ ಬಂದ ಮೇಲೆ ಮಾತೇ ನಿಂತುಹೋಯಿತು. ಊಟ ಬೇಕಾ ಅಂದರೆ ಹೂಂ, ಮಾತ್ರೆ ತಗೊಂಡ್ರಾ ಅಂದರೆ ಹೂಂ. ಟೀಚರಮ್ಮ ಬಂದು ಕೂತು, ನಾವು ಕಡಿದ ಜಾಗದಲ್ಲಿ ಜನ ಓಡಾಡಲು ಶುರು ಮಾಡಿದ್ದಾರೆ, ನಾವು ಎಷ್ಟು ಮುಚ್ಚಿದರೂ ಕಾಣುತ್ತದೆ ಅಂತ ಮೆಲ್ಲಗೆ ಹೇಳಿ ಹೋದರು. ಇವರು ಗೋಡೆ ನೋಡುತ್ತ ಮಲಗಿದ್ದರು. ಗೆದ್ದವಳು ಸವತಿಯೇ ಅಂದುಕೊಂಡೆ. ಜೀವ ಉಳಿಸಿದ ಹೆಂಡತಿಯ ಮೇಲೆ ಹಕ್ಕಿ ಮೊಟ್ಟೆಗೋಸ್ಕರ ಮುನಿಸಿಕೊಂಡ ಗಂಡನನ್ನು ಯಾರಾದರೂ ಕಂಡಿದ್ದೀರಾ? ಎಷ್ಟು ದಿನ ಅಂತ ನುಂಗಿಕೊಳ್ಳಲಿ. ಒಂದು ಮಧ್ಯಾಹ್ನ ಗಂಜಿಯ ಲೋಟ ಪಕ್ಕದಲ್ಲಿ ಕುಕ್ಕಿ ಹೇಳಿಯೇಬಿಟ್ಟೆ.

“ಎರಡು ಮೊಟ್ಟೆ ನನ್ನ ಕಾಲ ಕೆಳಗೇ ಒಡೆದವು. ಹಿಂದೆ ಬಂದವರ ಕಾಲಿಗೆ ಎಷ್ಟು ಸಿಕ್ಕಿದವೋ ಗೊತ್ತಿಲ್ಲ. ನಾಳೆ ಮತ್ತೆ ಹಾಗೇ ಆದ್ರೂ ನಾನು ಅದನ್ನೇ ಮಾಡೋದು. ಸಿಟ್ಟಿದ್ರೆ ಬಾಯಿಬಿಟ್ಟು ಬೈಯಿರಿ, ಹೀಗೆ ಕೊಲ್ಲಬೇಡಿ.”

ಇವರು ಗೋಡೆಯ ಕಡೆಯಿಂದ ಇತ್ತ ತಿರುಗಿದರು. ಕಣ್ಣು ತುಂಬಿತ್ತು.

“ಸಿಟ್ಟಲ್ಲ ಕಣೇ. ಅಲ್ಲಿ ಬಿದ್ದೋಳು ನೀನಾಗಿದ್ದು, ಹೊರೋನು ನಾನಾಗಿದ್ದಿದ್ರೆ, ಏನು ಮಾಡ್ತಿದ್ದೆ ಅಂತ ಯೋಚಿಸ್ತಿದ್ದೀನಿ. ಸುತ್ತು ದಾರೀಲೇ ಹೋಗ್ತಿದ್ನೇನೋ. ಅದಕ್ಕೇ ನಿನ್ನ ಮುಖ ನೋಡೋಕೆ ಆಗ್ತಿಲ್ಲ.”

ಇಲ್ಲ ಬಿಡಿ, ನೀವು ಹಾಗೆ ಮಾಡುವವರಲ್ಲ ಅನ್ನಬಹುದಿತ್ತು. ಬೇರೆ ಹೆಂಡತಿಯರು ಅನ್ನುತ್ತಿದ್ದರೇನೋ. ಇಷ್ಟು ವರ್ಷ ಬಾಳಿದ ಮೇಲೆ ನನಗೆ ಇವರು ಗೊತ್ತು.

“ಹೋಗ್ತಿದ್ರಿ,” ಅಂದೆ. “ಆಮೇಲೆ ಸಾಯೋ ತನಕ ಅಳ್ತಾ ಕೂರ್ತಿದ್ರಿ.”

ಇವರು ಕೈ ಚಾಚಿದರು. ನಾನು ಲೋಟ ಅತ್ತ ಸರಿಸಿ, ಆ ಕೈ ಹಿಡಿದುಕೊಂಡು ಪಕ್ಕದಲ್ಲೇ ಕೂತೆ.