ಅಜ್ಜಿ ಮಡಚಿದ ಲ್ಯಾಪ್‌ಟಾಪ್

ಆಸ್ಪತ್ರೆಯ ಲ್ಯಾಪ್‌ಟಾಪ್ ಈಗ ಮಲಗುವುದಿಲ್ಲ. ಮುಚ್ಚಿದರೂ ಎಚ್ಚರವಾಗಿರುವಂತೆ ಸೆಟ್ಟಿಂಗ್ ಬದಲಿಸಿದ್ದೇನೆ. ನಿದ್ದೆಗೆಡುವುದು ನನಗೂ ರೂಢಿಯಾಗಿಬಿಟ್ಟಿದೆ.

ಬುಕ್ಕಾಪಟ್ಟಣದ ಆಚೆಗಿನ ಸಣ್ಣ ಆಸ್ಪತ್ರೆಯಲ್ಲಿ ಕಂಪ್ಯೂಟರ್ ಕೆಲಸ ನನ್ನದು. ಒಂದು ಮಧ್ಯಾಹ್ನ ನಮ್ಮ ಡಾಕ್ಟರು ಮೀಟಿಂಗಿಗೆಂದು ಸಿರಾಕ್ಕೆ ಹೋಗಿದ್ದರು. ಕಡಲೆಕಾಯಿ ಗಿಡ ಕೀಳುತ್ತಿದ್ದ ಸೊಸೆಗೆ ಹಾವು ಕಚ್ಚಿತೆಂದು ಒಬ್ಬ ಅಜ್ಜಿ ಆಟೋದಲ್ಲಿ ಕರೆತಂದರು. ನಮ್ಮ ನರ್ಸು ಹೊಸಬಳು. ವಿಷ ಇಳಿಸುವ ಮದ್ದು ಒಗ್ಗದಿದ್ದರೆ ಅದೇ ಜೀವ ತೆಗೆಯಬಹುದು. ಡಾಕ್ಟರು ಹೇಳದೆ ಕೊಡಲು ಅವಳಿಗೆ ಧೈರ್ಯವಿಲ್ಲ. ತುಮಕೂರಿನಲ್ಲಿದ್ದ ದೊಡ್ಡ ಡಾಕ್ಟರಿಗೆ ವಿಡಿಯೊ ಕರೆ ಮಾಡಿದೆ.

ಅಜ್ಜಿ ಸೊಸೆಯ ಕೆನ್ನೆ ತಟ್ಟುತ್ತಲೇ ಇದ್ದರು. "ಮಲಗ್ಬ್ಯಾಡ ಕಣಮ್ಮಿ, ಕಣ್ಬುಡು. ಸಂಜಿಕೆ ಎಮ್ಮೆ ಯಾರು ಕರೀತಾರೆ, ನಿಮ್ಮಪ್ಪ ಬತ್ತಾನಾ?"

"ಕಚ್ಚಿದ ಜಾಗ ತೋರಿಸಿ" ಎಂದರು ಡಾಕ್ಟರು. ಕಚ್ಚಿದ್ದು ತೊಡೆಗೆ. ನರ್ಸು ಸೀರೆ ಸರಿಸಿದ್ದೇ ತಡ, ಅಜ್ಜಿ ಲ್ಯಾಪ್‌ಟಾಪನ್ನು ಫಟ್ಟನೆ ಮಡಚಿಬಿಟ್ಟರು.

"ಅದ್ರಾಗೆ ಯಾವನೋ ಗಂಡಸು ನೋಡ್ತಾವ್ನೆ, ನಾಚ್ಕೆ ಆಗಕಿಲ್ವಾ ನಿಮ್ಗೆ!"

ತೆರೆದೆ. ಪರದೆ ಬೆಳಗಿತು, ವೈಫೈ ಬರಲಿಲ್ಲ. ಗೋಡೆಯ ರೌಟರಿನಲ್ಲಿ ಹಸಿರು ದೀಪ ಉರಿಯುತ್ತಿದೆ, ಲ್ಯಾಪ್‌ಟಾಪಿಗೆ ಮಾತ್ರ ಒಂದು ನೆಟ್‌ವರ್ಕೂ ಕಾಣುತ್ತಿಲ್ಲ. ಮಲಗಿ ಎದ್ದಾಗ ಅದು ಹೀಗೆ ಮಾಡುವುದು ಹೊಸದೇನಲ್ಲ. ಬೇರೆ ದಿನವಾದರೆ ಬೈದುಕೊಂಡು ಟೀ ಕುಡಿದು ಬರುತ್ತಿದ್ದೆ. ಫೋನಿಗೆ ಸಿಗ್ನಲ್ ಸಿಗುವುದು ದೂರದ ಕೆರೆ ಏರಿಯ ಮೇಲೆ ಮಾತ್ರ. ವೈಫೈ ಆಫ್ ಮಾಡಿ ಆನ್ ಮಾಡಿದೆ. ಏರೋಪ್ಲೇನ್ ಮೋಡ್ ಒತ್ತಿ ತೆಗೆದೆ. ಊಹೂಂ.

"ರೆಪ್ಪೆ ಇಳೀತಾ ಐತೆ ಮೇಡಂ" ಎಂದಳು ನರ್ಸು.

"ಇವಳು ಮಲಗ್ಬಾರ್ದು ಅಂದ್ರೆ ಆ ಡಬ್ಬಾನೇ ಮಲಗ್ಬುಡ್ತಲ್ಲಾ!" ಅಜ್ಜಿ ಅಳತೊಡಗಿದರು.

ಡಿವೈಸ್ ಮ್ಯಾನೇಜರ್ ತೆರೆದು ವೈಫೈ ಕಾರ್ಡನ್ನೇ ನಿಲ್ಲಿಸಿ ಮತ್ತೆ ಚಾಲೂ ಮಾಡಿದೆ. ಅವಸರದಲ್ಲಿ ಎರಡು ಸಲ ತಪ್ಪು ಸಾಲನ್ನೇ ಒತ್ತಿದೆ. ಕೊನೆಗೆ ನೆಟ್‌ವರ್ಕ್ ಬಂತು. ಮತ್ತೆ ಕರೆ ಮಾಡಿದೆ. ಡಾಕ್ಟರು ರೆಪ್ಪೆ ನೋಡಿದವರೇ, "ವಿಷ ಏರ್ತಿದೆ, ಮದ್ದು ಶುರು ಮಾಡಿ, ನಾನಿಲ್ಲೇ ಇರ್ತೀನಿ" ಎಂದರು.

ಸೊಸೆ ಬದುಕಿದಳು. ಬ್ಯಾಟರಿ ಉಳಿಸಲೆಂದು ವೈಫೈ ಕಾರ್ಡನ್ನು ತಾನೇ ಆಫ್ ಮಾಡಲು ಲ್ಯಾಪ್‌ಟಾಪಿಗೆ ಬಿಡುವ ಸೆಟ್ಟಿಂಗಿನ ಟಿಕ್ ಗುರುತನ್ನು ಅವತ್ತೇ ತೆಗೆದುಹಾಕಿದೆ. ಆದರೂ ನೆಟ್‌ವರ್ಕೇ ಇಲ್ಲದ ಪರದೆಯ ಆ ಖಾಲಿ ಜಾಗ ಈಗಲೂ ಕಣ್ಣ ಮುಂದೆ ಬರುತ್ತದೆ, ಬಸ್ಸಿನಲ್ಲಿ, ಅನ್ನ ಕಲಸುವಾಗ.

ಮೊನ್ನೆ ಅಜ್ಜಿ ಬಿಪಿ ಗುಳಿಗೆಗೆ ಬಂದಿದ್ದರು. ಲ್ಯಾಪ್‌ಟಾಪಿನಿಂದ ಮಾರು ದೂರ ಕುಳಿತು ಕೇಳಿದರು: "ಅದು ಎದ್ದೈತೇನಮ್ಮಾ?"

"ಎದ್ದೇ ಇದೆ ಅಜ್ಜಿ."

"ಅಂಗಾರೆ ನೀನು ವಸಿ ಮಲಕ್ಕ. ಕಣ್ಣು ನೋಡ್ಕಂಡಿದ್ದೀಯಾ?"