ಬೆರಳಿಗೆ ಬಣ್ಣ ಮರಳುವವರೆಗೆ

ಆಲ್ತಾಯ್ ಬೆಟ್ಟಗಳಲ್ಲಿ ಮರ ಕಡಿತ ಹೆಚ್ಚಿಸಿದವರನ್ನು ಸನ್ಮಾನಿಸುವುದು ವಾಡಿಕೆ. ಮರ ಕಡಿಯುವವರನ್ನು ಉಳಿಸಿದವರನ್ನು ನೆನೆಯುವ ಸಂದರ್ಭ ಬರುವುದು ಅಪರೂಪ. ಅಕ್‌ಕರಾಗಾಯ್ ಮರ ಕಡಿತ ಸಂಸ್ಥೆಯ ಕಾರ್ಮಿಕ ಸುರಕ್ಷತಾ ಎಂಜಿನಿಯರ್ ಆಗಿದ್ದು ಈ ಚಳಿಗಾಲದಲ್ಲಿ ನಿವೃತ್ತರಾಗುತ್ತಿರುವ ಶ್ರೀಮತಿ ರೈಖಾನ್ ತುರ್ಸುನೊವ್ನಾ ಅವರು, ನಮಗೆಲ್ಲ ರೈಖಾನ್ ಅಕ್ಕ, ಅಂಥ ಅಪರೂಪದವರು. ಹಿಂದೆ ಗರಗಸ ಹಿಡಿದು, ಈಗ ದಿಮ್ಮಿ ಅಳೆಯುತ್ತಿರುವ ನನಗೆ ಈ ಮಾತು ಬರೆಯುವ ಭಾಗ್ಯ ಒದಗಿದೆ. ದಣಿದ ಕೈ ಬರೆದದ್ದೆಂದು ಓದುಗರು ಮನ್ನಿಸಬೇಕು.

ಅವರು ಸೇವೆಗೆ ಸೇರಿದ ಕಾಲಕ್ಕೆ, ಹಿಮದಲ್ಲಿ ಮೋಟಾರು ಗರಗಸ ಹಿಡಿದು ನಿಂತವನು ಊಟದವರೆಗೂ ಅದನ್ನು ಕೆಳಗಿಡುವಂತಿರಲಿಲ್ಲ. ಅದರ ನಡುಕ ಕೈಗೇರಿ, ಬೆರಳುಗಳು ಬೆಳ್ಳಗೆ ಬಿಳಿಚಿ, ಕೊನೆಗೆ ಮುಟ್ಟಿದ್ದೇ ತಿಳಿಯದಂತಾಗುತ್ತಿತ್ತು. ನಮ್ಮ ತಂಡದ ಮುಖ್ಯಸ್ಥ ಅಮಂಗೆಲ್ದಿ ಟೀ ಬಟ್ಟಲನ್ನು ಎರಡೂ ಕೈಯಲ್ಲಿ ಅವುಚಿ ಹಿಡಿಯುವುದನ್ನು ಕಂಡ ಅಕ್ಕ, ಒಂದಷ್ಟು ಹೊತ್ತು ಕೊಯ್ದ ಮೇಲೆ ಎಲ್ಲರೂ ಒಲೆಯ ಕೋಣೆಗೆ ಬಂದು ಬೆರಳಿಗೆ ಬಣ್ಣ ಮರಳುವವರೆಗೆ ಕೂರಬೇಕೆಂದು ನಿಯಮ ಮಾಡಿದರು. ಕಡಿದ ಮರಕ್ಕೆ ತಕ್ಕ ಕೂಲಿ ಪಡೆಯುತ್ತಿದ್ದ ನಮಗೆ ಅದು ಹೊಟ್ಟೆಯ ಮೇಲೆ ಹೊಡೆದಂತಾಯಿತು.

“ಏನಕ್ಕಾ, ಗಟ್ಟಿಮುಟ್ಟಾಗಿರೋರನ್ನ ತಾತಂದಿರ ಹಾಗೆ ಒಲೆ ಮುಂದೆ ಕೂರಿಸ್ತೀಯಲ್ಲ!” ಎಂದು ಅಮಂಗೆಲ್ದಿ ಕೆಣಕಿದ.

“ಅಂಗಿ ಗುಂಡಿ ಹಾಕ್ಕೊಂಡು ತೋರಿಸು, ಬಿಟ್ಬಿಡ್ತೀನಿ,” ಎಂದರು ಅಕ್ಕ.

ಅವನಿಂದಾಗಲಿಲ್ಲ. ಅಕ್ಕನೇ ಗುಂಡಿ ಹಾಕಿದರು.

ಕೆಲ ದಿನಗಳಲ್ಲೇ ಅಂದಿನ ಡೈರೆಕ್ಟರ್ ಸಾಹೇಬರು ಒಲೆಯ ಕೋಣೆಗೆ ನುಗ್ಗಿ, “ಮರ ಕಡಿಯೋಕೆ ಬಂದಿದೀರೋ, ಟೀ ಕುಡಿಯೋಕೋ?” ಎಂದು ಗದರಿದರು. ನಮ್ಮಲ್ಲಿ ಅತಿಥಿಗೆ ಅರ್ಧ ಬಟ್ಟಲು ಹಾಕಿ ಮತ್ತೆ ಮತ್ತೆ ಕೊಡುವುದು ಮರ್ಯಾದೆ. ತುಂಬ ಹಾಕಿದರೆ ಕುಡಿದು ಎದ್ದೇಳಿ ಎಂದರ್ಥ. ಅಕ್ಕ ಸಾಹೇಬರನ್ನು ಕೂರಿಸಿ, ಅವರ ಮುಂದೊಂದು ಬಟ್ಟಲಿಟ್ಟು ಅಂಚಿನವರೆಗೆ ತುಂಬಿಸಿದರು. ಅವರು ಕುಡಿಯದೆಯೇ ಎದ್ದು ಹೋದರು, ಅಕ್ಕನ ಬಡ್ತಿಯೂ ಅವರ ಹಿಂದೆಯೇ ಹೋಯಿತು.

ಹಿಮ ಕರಗುವ ಹೊತ್ತಿಗೆ, ಕಾಯಿಲೆ ಬಿದ್ದು ಮನೆಗೆ ಹೋಗುವವರು ಕಡಿಮೆಯಾಗಿ, ಮರ ಮೊದಲಿಗಿಂತ ಹೆಚ್ಚೇ ಉರುಳುತ್ತಿತ್ತು. ನಿಯಮ ಉಳಿಯಿತು. ಆದರೆ ಸಂಸ್ಥೆ ಕೂಡಲೇ ನಮ್ಮ ದಿನದ ಗುರಿಯನ್ನು ಏರಿಸಿತು.

“ಬೆರಳು ಉಳೀಲಿ ಅಂತ ಮಾಡಿದ್ನಪ್ಪ, ಅದನ್ನೂ ಇವರು ಮರಕ್ಕೇ ಲೆಕ್ಕ ಹಾಕ್ಕೊಂಡ್ರು,” ಎಂದು ಅಕ್ಕ ಒಲೆಯ ಕೋಣೆಯ ಮೆಟ್ಟಿಲ ಮೇಲೆ ಕುಳಿತದ್ದು ಇಂದಿಗೂ ನನ್ನ ಕಣ್ಣ ಮುಂದಿದೆ. ಆಮೇಲೆ ಬಂದ ಪ್ರತಿಯೊಬ್ಬ ಡೈರೆಕ್ಟರ್ ಜೊತೆಗೂ ಅದೇ ಬಿಡುವಿಗಾಗಿ ಅದೇ ಜಗಳ. ಅದರಲ್ಲೇ ಅವರ ತಲೆ ನರೆಯಿತು. ನನ್ನ ಬೆರಳುಗಳಿಗೆ ಆ ನಿಯಮ ತಡವಾಗಿ ಬಂತು, ನಾನು ಗರಗಸ ಬಿಡಬೇಕಾಯಿತು. ಅಮಂಗೆಲ್ದಿಯವು ಮಾತ್ರ ನಿಧಾನವಾಗಿ ಚೇತರಿಸಿಕೊಂಡವು. ನನಗೆ ಹೊಟ್ಟೆಕಿಚ್ಚಿಲ್ಲ ಎಂದರೆ ಸುಳ್ಳಾದೀತು.

ಬೀಳ್ಕೊಡುಗೆಯ ದಿನ ಗೊತ್ತಾದೊಡನೆ ಈಗಿನ ಡೈರೆಕ್ಟರ್ ಕಾಡಿಗೇ ಬಂದು, ಅಕ್ಕ ಹೋದ ಮೇಲೆ ಬಿಡುವೂ ಇರುವುದಿಲ್ಲವೆಂದರು. ದಿಮ್ಮಿ ಅಳೆಯಲು ನಾನೂ ಅಲ್ಲಿದ್ದೆ. ಅಮಂಗೆಲ್ದಿ ಗರಗಸ ನಿಲ್ಲಿಸಿ ಹಿಮದ ಮೇಲಿಟ್ಟ.

“ಅಕ್ಕ ಹೋಗ್ತಾರೆ ಸಾಹೇಬ್ರೆ, ಬೆರಳು ಇಲ್ಲೇ ಇರ್ತಾವಲ್ಲ,” ಎಂದವನೇ ಒಲೆಯ ಕೋಣೆಗೆ ನಡೆದ. ಉಳಿದ ಗರಗಸಗಳೂ ಒಂದೊಂದಾಗಿ ಸುಮ್ಮನಾದವು.

ಪೂಜ್ಯ ರೈಖಾನ್ ಅಕ್ಕನವರು ಮೊಮ್ಮಕ್ಕಳ ನಡುವೆ ನೂರ್ಕಾಲ ಬಾಳಲಿ, ಇನ್ನಾದರೂ ಬೆಳಿಗ್ಗೆ ತಡವಾಗಿ ಏಳಲಿ. ಜಗಳ ಮುಗಿದಿಲ್ಲ, ಇನ್ನು ಮೇಲೆ ಅದು ನಮ್ಮದು.