ಸಲ್ವಾರಿನ ಮೇಲೆ ಹಿಡಿದ ಅಳತೆ

ಟೀಚರ್ ಅವರ ಎರಡೂ ಕಿರುಬೆರಳುಗಳು ಸೊಟ್ಟಗಿದ್ದವು. ಹದಿನೈದು ವರ್ಷ ಥ್ರೋಬಾಲ್ ಹಿಡಿದು ಹಿಡಿದು ನಡುಗೆಣ್ಣಿನಲ್ಲಿ ಹೊರಕ್ಕೆ ತಿರುಗಿದ್ದವು. ಚಹಾದ ಲೋಟ ಹಿಡಿದರೂ ಆ ಬೆರಳುಗಳು ಲೋಟಕ್ಕೆ ತಾಕದೆ ದೂರ ನಿಲ್ಲುತ್ತಿದ್ದವು. ನನ್ನ ಹೆಂಡತಿ ಒಮ್ಮೆ ಕೇಳಿದ್ದಕ್ಕೆ, "ದೇವ್ರು ಕೊಟ್ಟಾಗ ನೆಟ್ಟಗ ಇದ್ವು ಕಾಕೂ. ಬಾಲಿನ ಮನಸ್ಸಿಗೆ ಬರಲಿಲ್ಲ, ತಿದ್ದಿತು" ಎಂದು ನಕ್ಕಿದ್ದರು.

ಹಿಮಾಯತ್‌ನಗರದ ಹಳೆಯ ವಠಾರದಲ್ಲಿ ನಾವು ಕೆಳಗೆ, ಅವರು ಮೇಲೆ. ಕೊಪ್ಪಳದ ಕಡೆಯವರು, ಒಂಟಿ ಹೆಣ್ಣುಮಗಳು, ಖಾಸಗಿ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್. ನಾನೂ ಅದೇ ಸೀಮೆಯವನಾದ್ದರಿಂದ ಕಾಕಾ ಎನ್ನುತ್ತಿದ್ದರು. ದಿನವಿಡೀ ತೆಲುಗು, ಹಿಂದಿ ಆಡಿ ದಣಿದ ಮೇಲೆ ಸಂಜೆ ಮೆಟ್ಟಿಲ ಮೇಲೆ ಕೂತು ನಮ್ಮ ಮಾತು ಆಡುವುದು ನಮಗಿಬ್ಬರಿಗೂ ಬೇಕಾಗಿತ್ತು. ಯಾರಾದರೂ ಬಾಗಿ ಕೂತರೆ ಅವರಿಗೆ ಸಹನೆಯಾಗುತ್ತಿರಲಿಲ್ಲ. "ಕಾಕಾ, ಬೆನ್ನು!" ಎಂದರೆ ಸಾಕು, ಐವತ್ತು ದಾಟಿದ ನಾನು ಶಾಲೆ ಹುಡುಗನಂತೆ ನೆಟ್ಟಗಾಗುತ್ತಿದ್ದೆ.

ನಾನು ಹತ್ತನೇ ತರಗತಿ ಮುಗಿಸಿ ಬಂದು ಅದೇ ರಸ್ತೆಯ ಸರ್ಜಿಕಲ್ ಸಾಮಾನಿನ ಅಂಗಡಿಯಲ್ಲಿ ನಿಂತವನು. ಸೊಂಟದ ಪಟ್ಟಿ, ಊರುಗೋಲು, ಮೊಣಕಾಲಿನ ಬ್ರೇಸ್ ಇವನ್ನು ಅಳತೆ ನೋಡಿ ಕೊಡುವುದು ನನ್ನ ಕೆಲಸ. "ನಮ್ಮ ಕಾಕಾ ಟೇಪ್ ಹಿಡಿದ್ರ ಮುಗೀತು" ಎಂದು ಟೀಚರ್ ಶಾಲೆಯಲ್ಲೆಲ್ಲ ಹೇಳಿಕೊಂಡಿದ್ದರು.

ಮಾದಾಪುರದ ಬಂಡೆಗಳ ನಡುವೆ ಸಾಫ್ಟ್‌ವೇರ್ ಕಂಪನಿಗಳು ಏಳುತ್ತಿದ್ದ ಕಾಲ ಅದು. ಒಂದು ಕಂಪನಿಯವರು ತಮ್ಮ ಹೆಣ್ಣುಮಕ್ಕಳ ಥ್ರೋಬಾಲ್ ತಂಡಕ್ಕೆ ಕೋಚ್ ಹುಡುಕುತ್ತಿದ್ದರು. ಟೀಚರ್ ಅರ್ಜಿ ಹಾಕಿದರು. ತಂಡದ ಜೊತೆ ಒಂದು ಪಂದ್ಯ ಆಡಿ ತೋರಿಸಬೇಕೆಂದು ಕರೆಯೂ ಬಂತು. ಅದೇ ವಾರ ಶಾಲೆಯ ಆಟದಲ್ಲಿ ಜಿಗಿದು ಇಳಿಯುವಾಗ ಬಲ ಮೊಣಕಾಲು ಹೊರಳಿ ಲಿಗಮೆಂಟ್ ಅರ್ಧ ಹರಿಯಿತು. ಕಂಪನಿಯವರು ಮೂರು ತಿಂಗಳು ಕಾಯಲು ಒಪ್ಪಿದರು. ನೀರಿನ ಟ್ಯಾಂಕರ್ ಮುಂದಿನ ಸಾಲಿನಲ್ಲೂ ಒಂದೇ ಕಾಲಿನ ಮೇಲೆ ನಿಂತು ವ್ಯಾಯಾಮ ಮಾಡಿದರು ಆ ಹೆಣ್ಣುಮಗಳು. ಕೊನೆಗೆ ಡಾಕ್ಟರು, ಬ್ರೇಸ್ ಹಾಕಿಕೊಂಡು ಆಡಬಹುದು ಎಂದರು.

ಶನಿವಾರ ಮಧ್ಯಾಹ್ನ ಅಂಗಡಿಗೆ ಬಂದರು. ನಮ್ಮಲ್ಲಿ ಹೆಂಗಸರ ಅಳತೆ ಹಿಡಿಯುತ್ತಿದ್ದ ಹುಡುಗಿ ಊಟಕ್ಕೆ ಹೋಗಿದ್ದಳು. ಟೀಚರ್ ತೂಗುಹಾಕಿದ್ದ ಬಟ್ಟೆಯ ನೀಕ್ಯಾಪ್ ತೋರಿಸಿ, "ಇದು ಸಾಲಂಗಿಲ್ಲೇನು ಕಾಕಾ?" ಎಂದರು.

"ಇದು ಬರೇ ಬೆಚ್ಚಗ ಇಡತೈತ್ರಿ. ಮೊಣಕಾಲು ಪಕ್ಕಕ್ಕ ಹೊರಳೋದನ್ನ ತಡ್ಯಾಂಗಿಲ್ಲ. ನಿಮಗ ಎರಡೂ ಕಡೆ ಕೀಲು ಇರೋದ ಬೇಕು. ಆ ಕೀಲು ನಿಮ್ಮ ಮೊಣಕಾಲಿನ ಕೀಲಿಗೆ ಸರಿಯಾಗಿ ಕೂಡಬೇಕು."

ಆ ಮಾತು ಸರಿಯಾಗಿಯೇ ಇತ್ತು. ತಪ್ಪಿದ್ದು ಟೇಪು. ಮಂಡಿಚಿಪ್ಪಿನಿಂದ ಒಂದು ಗೇಣು ಮೇಲೆ ತೊಡೆಯ ಸುತ್ತಳತೆ ಹಿಡಿಯಬೇಕು, ಅದೂ ಬರಿ ಚರ್ಮದ ಮೇಲೆ. ಟೀಚರ್ ಅಂದು ನೆರಿಗೆ ನೆರಿಗೆಯ ಸಲ್ವಾರ್ ಹಾಕಿದ್ದರು. "ಕಾಕಾ, ಒಳಗ ಹೋಗಿ ನಾನ ಅಳದು ಹೇಳ್ಲೇನು? ಇಲ್ಲಾ ಹುಡುಗಿ ಬರೋತನಾ ಕೂಡ್ತೀನಿ" ಎಂದರು. ಹಿಂದೆ ಇಬ್ಬರು ಸಾಫ್ಟ್‌ವೇರ್ ಹುಡುಗರು ಗಡಿಯಾರ ನೋಡುತ್ತ ನಿಂತಿದ್ದರು. ಮಾಲೀಕರು ಗಲ್ಲಾದಿಂದ "ಜಲ್ದೀ ಕರೋ ಭಾಯ್" ಎಂದರು. ಗಂಡಸರು ಹೆಂಗಸರ ಅಳತೆ ಹಿಡಿಯಬೇಕಾಗಿ ಬಂದರೆ ಬಟ್ಟೆಯ ಮೇಲೆ ಹಿಡಿದು ಒಂದು ಇಂಚು ಕಳೆಯುವುದು ನಮ್ಮ ಅಂಗಡಿಯ ರೂಢಿ. "ಬ್ಯಾಡ್ರಿ, ನನ್ನ ಕಣ್ಣಿಗೇ ಗೊತ್ತಾಕ್ಕೈತಿ" ಎಂದು ಮುಖ ತಿರುಗಿಸಿಕೊಂಡೇ ಟೇಪು ಸುತ್ತಿದೆ, ಒಂದು ಇಂಚು ಕಳೆದೆ. ಆ ನೆರಿಗೆಗಳಿಗೆ ಮೂರು ಇಂಚು ಕಳೆಯಬೇಕಿತ್ತು.

ನಾಲ್ಕನೆಯ ದಿನ ಮೆಟ್ಟಿಲ ಮೇಲೆ ಹೇಳಿದರು: "ಕಾಕಾ, ಹತ್ತು ಸಲ ಜಿಗಿದ್ರ ಕೆಳಗ ಜಾರಾಕತ್ತೈತಿ. ಸೈಜ್ ದೊಡ್ಡದಾತೇನು?"

ನನಗೆ ಆ ಕ್ಷಣಕ್ಕೇ ತಿಳಿಯಿತು. ತೊಟ್ಟ ಬ್ರೇಸನ್ನು ಅಂಗಡಿ ಹಿಂದಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಬದಲಿಸಬೇಕೆಂದರೆ ನನ್ನ ಅಳತೆ ತಪ್ಪಿತೆಂದು ಮಾಲೀಕರೆದುರು ಒಪ್ಪಬೇಕಿತ್ತು. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ನಾನು ಹಾಗೆ ಒಪ್ಪಿದವನಲ್ಲ.

"ಸೈಜ್ ಸರಿ ಐತ್ರಿ. ಹೊಸಾದು, ಮೈಗೆ ಹೊಂದಾಕ ಟೈಮ್ ತಗೋತೈತಿ. ಪಟ್ಟಿ ಬಿಗಿ ಎಳೀರಿ" ಎಂದೆ.

"ನೀವು ಅಂದ್ರ ಆತು ಬಿಡ್ರಿ" ಎಂದರು.

ಆಡಿ ತೋರಿಸುವ ದಿನ, ಕಂಪನಿಯ ಅಂಗಳದಲ್ಲಿ ಎರಡನೆಯ ಸುತ್ತಿನ ಆಟ. ಬ್ರೇಸು ಜಾರಿ ಕೀಲು ಮೊಣಕಾಲಿನ ಕೆಳಗೆ ಸರಿದಿತ್ತಂತೆ. ಚೆಂಡಿಗೆ ಜಿಗಿದವರು ಕೆಳಗಿಳಿದಾಗ ಅರ್ಧ ಉಳಿದಿದ್ದ ಲಿಗಮೆಂಟೂ ಹರಿಯಿತು. ಆಪರೇಶನ್ ಆಯಿತು. ಕೆಲಸ ಬೇರೆಯವರ ಪಾಲಾಯಿತು. ಆಸ್ಪತ್ರೆಯಿಂದ ಬಂದ ದಿನ ಅವರನ್ನು ಕುರ್ಚಿಯಲ್ಲಿ ಕೂರಿಸಿ ನಾವು ನಾಲ್ವರು ಮೇಲಕ್ಕೆ ಎತ್ತಿಕೊಂಡು ಹೋದೆವು. ಕುರ್ಚಿ ಇಳಿಸಿದ ಮೇಲೆ ನನ್ನ ಕೈ ಹಿಡಿದು ಹೇಳಿದರು: "ತಪ್ಪು ನಂದ ಕಾಕಾ. ನೀವು ಬಿಗಿ ಎಳೀರಿ ಅಂದಿದ್ರಿ. ನಾ ಇನ್ನೊಂಚೂರು ಎಳೀಬೇಕಿತ್ತು."

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಬರುವುದು ಸಾಧ್ಯವಿರಲಿಲ್ಲ. ನಾನು ಅಂದದ್ದು, "ಹೂಂರಿ, ಇನ್ನೊಂಚೂರು ಬಿಗಿ ಬೇಕಿತ್ತು."

ಆಮೇಲೆ ಅವರು ಜಿಗಿಯಲಿಲ್ಲ. ಮೈದಾನದ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಸೀಟಿ ಊದಿ ಆಡಿಸಿದರು. ಕಾಲು ನೋಯಿಸಿಕೊಂಡ ಹುಡುಗಿಯರನ್ನೆಲ್ಲ ನನ್ನ ಅಂಗಡಿಗೇ ಕಳಿಸುತ್ತಿದ್ದರು, ಕೆಲವೊಮ್ಮೆ ಜೊತೆಗೆ ಬರುತ್ತಿದ್ದರು. ಅಂಗಡಿಯ ಹಿಂಭಾಗದಲ್ಲಿ ನಾನೇ ಪರದೆ ಕಟ್ಟಿಸಿದ್ದೆ. ಸಹಾಯಕ ಹುಡುಗಿ ಬರುವವರೆಗೆ ಯಾವ ಹೆಣ್ಣುಮಗಳ ಅಳತೆಯನ್ನೂ ಹಿಡಿಯುತ್ತಿರಲಿಲ್ಲ. ಮಾಲೀಕರು, "ಇಷ್ಟು ವರ್ಷ ಇಲ್ಲದ ನಾಟಕ ಈಗ್ಯಾಕೆ" ಎಂದು ಹಿಂದಿಯಲ್ಲಿ ಆಡಿಕೊಂಡರು. ಪರದೆಯಿಂದ ಹೊರಬಂದ ಹುಡುಗಿಗೆ ಟೀಚರ್ ನನ್ನೆದುರೇ ಹೇಳುತ್ತಿದ್ದರು: "ಪಟ್ಟಿ ಬಿಗಿ ಕಟ್ಟವಾ. ನಾ ಸಡಲ ಕಟ್ಟಿ ಏನಾದೆ, ನೋಡು." ನಾನು ಡಬ್ಬಿ ಜೋಡಿಸುತ್ತ ನಿಲ್ಲುತ್ತಿದ್ದೆ.

ಹೋದ ಚಳಿಗಾಲದಲ್ಲಿ ಟೀಚರ್ ತೀರಿಕೊಂಡರು, ಹೃದಯದ ಬೇನೆ. ಶಾಲೆಯಲ್ಲಿ ನೆನಪಿನ ಸಭೆ ಮಾಡಿದರು. ಅವರ ಕೈಯಲ್ಲಿ ಕಲಿತು ಈಗ ತಾವೇ ಕೋಚ್ ಆದ ಮೂವರು ಮಾತಾಡಿದರು. ಮೂವರೂ ಅದೇ ಪಟ್ಟಿಯ ಮಾತನ್ನು ಹೇಳಿದರು, ನಾವೂ ನಮ್ಮ ಮಕ್ಕಳಿಗೆ ಇದನ್ನೇ ಹೇಳಿಕೊಡುತ್ತೇವೆ ಎಂದರು. ಮೈಕು ನನ್ನ ಬಳಿಯೂ ಬಂತು. ಒಳ್ಳೆಯ ನೆರೆಯವರು ಎಂದಷ್ಟೇ ಹೇಳಿ ಕೂತೆ.

ಅಲ್ಲಿ ಬಾಯಿ ಬರಲಿಲ್ಲ, ಅದಕ್ಕೇ ಇಲ್ಲಿ ಬರೆದಿದ್ದೇನೆ. ಆ ಮೂವರಲ್ಲಿ ಯಾರಾದರೂ ಇದನ್ನು ಓದಿದರೆ, ನಿಮ್ಮ ಮಕ್ಕಳಿಗೆ ಆ ಮಾತು ಇನ್ನು ಹೇಳಬೇಡಿರಮ್ಮ. ನಿಮ್ಮ ಟೀಚರ್ ಬಿಗಿಯಾಗಿಯೇ ಕಟ್ಟಿದ್ದರು.